ಗಿರಾಕಿಗೆ ಮೊದಲು ಹೇಳಬೇಕಾದವರು ಯಾರು?

ಧಾರವಾಡ ತಾಲ್ಲೂಕಿನ ಗರಗ ಎಂದರೆ ಹೊರಗಿನವರಿಗೆ ನೆನಪಾಗುವುದು ಎರಡು: ಮಡಿವಾಳೇಶ್ವರ ಮಠ ಮತ್ತು ರಾಷ್ಟ್ರಧ್ವಜದ ಖಾದಿ. ಊರಿನ ಕ್ಷೇತ್ರೀಯ ಸೇವಾ ಸಂಘದ ಮಗ್ಗಗಳಲ್ಲಿ ನೇಯ್ದ ಬಟ್ಟೆ ದಶಕಗಳಿಂದ ಧ್ವಜವಾಗಿ ಹಾರುತ್ತ ಬಂದಿದೆ. ಅದೇ ಊರಿನಲ್ಲಿ ಈಗ ಬಟ್ಟೆ ವ್ಯಾಪಾರಕ್ಕೆ ಇನ್ನೊಂದು ದಾರಿಯೂ ಆಗಿದೆ. ಮನೆಯ ಪಡಸಾಲೆಯನ್ನೇ ಅಂಗಡಿ ಮಾಡಿಕೊಂಡು ಹತ್ತಿಯ ನೆಹರು ಶರ್ಟ್, ಟವೆಲ್, ಲುಂಗಿಗಳನ್ನು ಆನ್‌ಲೈನ್‌ನಲ್ಲಿ ಮಾರುವ ನಡುವಯಸ್ಸಿನ ವ್ಯಾಪಾರಿಯೊಬ್ಬರು ಆ ದಾರಿ ಹಿಡಿದವರು. ಅವರ ಗಿರಾಕಿಗಳು ಹುಬ್ಬಳ್ಳಿ, ಬೆಳಗಾವಿಯಿಂದ ಹಿಡಿದು ಪುಣೆ, ಬೆಂಗಳೂರಿನ ತನಕ ಹರಡಿದ್ದಾರೆ.

ಆ ಗಿರಾಕಿಗಳಿಗೆ ಈಚೆಗೆ ಅಪರಿಚಿತರ ಕರೆ ಬರತೊಡಗಿದೆ. ಕರೆ ಮಾಡಿದವನಿಗೆ ಅವರ ಹೆಸರು ಗೊತ್ತು, ಕೊಂಡ ಶರ್ಟಿನ ಬಣ್ಣ ಗೊತ್ತು, ಅಳತೆಯೂ ಗೊತ್ತು. ಪಾರ್ಸೆಲ್ ಹುಬ್ಬಳ್ಳಿಯಲ್ಲಿ ನಿಂತಿದೆ, ವಿಳಾಸ ಸರಿಪಡಿಸಲು ಐದು ರೂಪಾಯಿ ಕಟ್ಟಿ ಎಂದು ಒಂದು ಲಿಂಕ್ ಕಳಿಸುತ್ತಾನೆ. ಬೆಳಗಾವಿಯ ನಿವೃತ್ತ ಮಾಸ್ತರರೊಬ್ಬರು ಅದನ್ನು ತೆರೆದು ಹಣ ಕಳೆದುಕೊಂಡಿದ್ದಾರೆ. ಬೆಂಗಳೂರಿನಲ್ಲಿ ಮಾಹಿತಿ ಸುರಕ್ಷತೆಯ ಕೆಲಸ ಮಾಡುವ ಅದೇ ಓಣಿಯ ತರುಣಿಯೊಬ್ಬಳು ರಜೆಗೆಂದು ಊರಿಗೆ ಬಂದಿದ್ದಳು. ವ್ಯಾಪಾರಿ ಆಕೆಯನ್ನು ಕರೆಸಿ ಲ್ಯಾಪ್‌ಟಾಪ್ ಮುಂದೆ ಕೂರಿಸಿದರು. ಆಕೆ ಬಹಳ ಹೊತ್ತು ನೋಡಿದಳು.

"ತಂಗಿ, ಸೋರಿದ್ದು ನಮ್ಮ ಕಡಿಂದನ ಅನ್ನೋದು ಖರೇನ?"

"ಖರೇನ ಅಣ್ಣಾ. ಆರ್ಡರ್ ನೋಡೋ ಪುಟಕ್ಕ ಬ್ಯಾರೆ ಯಾರೋ ಲಾಗಿನ್ ಆಗ್ಯಾರ. ಇಡೀ ಪಟ್ಟಿ ಇಳಿಸ್ಕೊಂಡಾರ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ತಾ ಮಾಡಿದ ಅಷ್ಟೂ ಅಂಗಡಿಗೆ ಒಂದ ಪಾಸ್‌ವರ್ಡ್ ಇಟ್ಟಾನ. ಅದರಾಗಿನ ಇನ್ನೊಂದು ಅಂಗಡೀದು ಮೊದಲ ಸೋರಿತ್ತು."

"ಹಂಗಾದ್ರ ತಪ್ಪು ಅವಂದು."

"ಪಾಸ್‌ವರ್ಡ್ ಅವಂದು ಖರೆ. ಆದ್ರ ಗಿರಾಕಿ ತನ್ನ ಹೆಸರು, ನಂಬರು ಕೊಟ್ಟಿದ್ದು ಅವಗಲ್ಲ, ನಿಮಗ."

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದನ್ನೇ ಹೇಳುತ್ತದೆ. ಕೆಲಸವನ್ನು ಬೇರೆಯವರಿಗೆ ವಹಿಸಿದ್ದರೂ ಮಾಹಿತಿಯ ಹೊಣೆ ಅದನ್ನು ಪಡೆದವರ ಮೇಲೆಯೇ ಇರುತ್ತದೆ. ವ್ಯಾಪಾರಿ ಮುಂದೆ ವಾದಿಸಲಿಲ್ಲ. ಹೋದದ್ದಾದರೂ ಏನು, ಶರ್ಟಿನ ಅಳತೆ ತಾನೇ ಎಂದರು.

ಆಕೆ ಪಟ್ಟಿಯನ್ನು ತೆರೆದು ಅವರ ಕಡೆ ತಿರುಗಿಸಿದಳು. ಹೆಸರು, ಮೊಬೈಲ್, ಮನೆ ನಂಬರು, ಓಣಿ, ಪಿನ್‌ಕೋಡ್, ಅಳತೆ, ಬಣ್ಣ, ಹಣ ಕೊಟ್ಟ ರೀತಿ. ಕೊನೆಯ ಅಂಕಣ ಪಾರ್ಸೆಲ್ ತರುವವನಿಗೆ ಗಿರಾಕಿ ಬರೆದ ಸೂಚನೆ. ಅಲ್ಲಿ ಜನ ತಮ್ಮ ಮನೆಯ ದಿನಚರಿಯನ್ನೇ ಬರೆದಿದ್ದರು. ಹನುಮಪ್ಪನ ಗುಡಿ ಹಿಂದಿನ ಹಸಿರು ಗೇಟು. ಮಧ್ಯಾಹ್ನ ಅವ್ವ ಒಬ್ಬಳೇ ಇರುತ್ತಾಳೆ, ಕಿವಿ ಮಂದ, ಬಾಗಿಲು ಜೋರಾಗಿ ಬಡಿಯಿರಿ. ನಾವಿಬ್ಬರೂ ಆರು ಗಂಟೆಯ ತನಕ ಕೆಲಸಕ್ಕೆ ಹೋಗಿರುತ್ತೇವೆ, ಕೀಲಿ ಪಕ್ಕದ ಮನೆಯಲ್ಲಿದೆ. ವ್ಯಾಪಾರಿ ಆ ಸಾಲುಗಳನ್ನು ಒಂದೊಂದಾಗಿ ಓದಿದರು. ಪಾರ್ಸೆಲ್ ಮುಟ್ಟಿದ ಮೇಲೆ ಅವುಗಳಿಂದ ಅಂಗಡಿಗೆ ಯಾವ ಉಪಯೋಗವೂ ಇರಲಿಲ್ಲ. ಆದರೂ ವರ್ಷಗಟ್ಟಲೆ ಹಾಗೇ ಉಳಿದಿದ್ದವು.

"ಇದನ್ನ ಎಲ್ಲಾರಿಗೂ ಹೇಳಬೇಕನ?"

"ಹೇಳಬೇಕ್ರಿ. ಇವತ್ತ."

"ಹೇಳಿದ್ರ ಗಿರಾಕಿ ನಿಲ್ತಾರನ? ಹೆಸರು ಮಾಡಾಕ ಇಷ್ಟು ವರ್ಷ ಬೇಕಾತು. ಒಂದ ಮೆಸೇಜಿನಾಗ ಹೋಗತೈತಿ. ಕರೆ ಬಂದಿದ್ದು ಎಲ್ಲೋ ನಾಕು ಮಂದಿಗೆ. ಉಳಿದವ್ರಿಗೆ ಗೊತ್ತ ಇಲ್ಲ. ಗೊತ್ತಿಲ್ಲದವ್ರ ಮನಸ್ಸಿನಾಗ ನಾವ ಯಾಕ ಹುಳ ಬಿಡಬೇಕು?"

"ಆ ನಾಕು ಮಂದಿಗೆ ಯಾರು ಹೇಳಿದ್ರು ಅಣ್ಣಾ? ಕಳ್ಳ ಹೇಳಿದ. ಉಳಿದವ್ರಿಗೂ ಅವನ ಹೇಳತಾನ. ನೀವು ಸುಮ್ಮನಿದ್ರ ಸುದ್ದಿ ನಿಲ್ಲೂದಿಲ್ಲ. ಹೇಳೋರು ಯಾರು ಅನ್ನೋದು ಅಷ್ಟ ಬದಲಾಗತೈತಿ."

ವ್ಯಾಪಾರಿಯ ಭಯ ಅವರೊಬ್ಬರದ್ದಲ್ಲ. ಕೋಟಿಗಟ್ಟಲೆ ಬಂಡವಾಳದ ಕಂಪನಿಗಳೂ ಇದೇ ಜಾಗದಲ್ಲಿ ತಡವರಿಸಿವೆ. ಅವರು ಕೇಳಿದ ಮುಂದಿನ ಪ್ರಶ್ನೆಯೂ ಅದೇ: ಬೆಂಗಳೂರಿನ ದೊಡ್ಡವರು ಏನು ಮಾಡಿದರು?

ಕರ್ನಾಟಕದಲ್ಲಿ ಇದಕ್ಕೆ ಉದಾಹರಣೆಗಳ ಕೊರತೆಯಿಲ್ಲ. 2020 ಒಂದೇ ವರ್ಷದಲ್ಲಿ ಬೆಂಗಳೂರಿನ ಮೂರು ಹೆಸರಾಂತ ಕಂಪನಿಗಳು ಈ ಪೆಟ್ಟು ತಿಂದವು. ಆ ವರ್ಷದ ಜುಲೈನಲ್ಲಿ, ಮನೆ ಬಾಗಿಲಿಗೆ ಸಾಮಾನು ಮುಟ್ಟಿಸುತ್ತಿದ್ದ ಡನ್‌ಜೋ ತನ್ನ ಬಳಕೆದಾರರ ಫೋನ್ ನಂಬರ್ ಮತ್ತು ಇಮೇಲ್ ಸೋರಿದ್ದನ್ನು ತಾನೇ ಪ್ರಕಟಿಸಿತು. ಸೋರಿಕೆಯ ಮೂಲ, ಅದು ಕೆಲಸ ಹಂಚಿಕೊಂಡಿದ್ದ ಇನ್ನೊಂದು ಸಂಸ್ಥೆಯ ಸರ್ವರ್. ಹೀಗೆ ಹೊರಬಿದ್ದ ಖಾತೆಗಳು 34 ಲಕ್ಷಕ್ಕೂ ಹೆಚ್ಚು. ಅದೇ ವರ್ಷದ ಆಗಸ್ಟ್‌ನಲ್ಲಿ ಹಣ ಪಾವತಿಯ ವ್ಯವಸ್ಥೆ ನಡೆಸುವ ಜಸ್‌ಪೇ ಒಳಗೆ ಕಳ್ಳರು ನುಗ್ಗಿದರು. ಅದು ಸಾರ್ವಜನಿಕರಿಗೆ ತಿಳಿದದ್ದು ಮಾತ್ರ 2021ರ ಜನವರಿಯಲ್ಲಿ, ಹೊರಗಿನ ಸುರಕ್ಷತಾ ಸಂಶೋಧಕರೊಬ್ಬರು ಬಯಲು ಮಾಡಿದ ಮೇಲೆ. ಮೂರನೆಯದು ಬಿಗ್‌ಬಾಸ್ಕೆಟ್. ಸುಮಾರು 2 ಕೋಟಿ ಗ್ರಾಹಕರ ಹೆಸರು, ಫೋನ್, ವಿಳಾಸ, ಹುಟ್ಟಿದ ದಿನಾಂಕಗಳಿದ್ದ ಕಡತ ಡಾರ್ಕ್ ವೆಬ್‌ನಲ್ಲಿ 40 ಸಾವಿರ ಡಾಲರ್‌ಗೆ, ಅಂದರೆ ಸುಮಾರು 30 ಲಕ್ಷ ರೂಪಾಯಿಗೆ ಮಾರಾಟಕ್ಕಿದೆ ಎಂದು ಸೈಬಲ್ ಎಂಬ ಸಂಸ್ಥೆ ನವೆಂಬರ್‌ನಲ್ಲಿ ಪ್ರಕಟಿಸಿತು. ಕಂಪನಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು, ಕಾರ್ಡ್ ನಂಬರುಗಳು ತನ್ನಲ್ಲಿ ಇರಲಿಲ್ಲ ಎಂದು ಹೇಳಿತು. ಮುಂದಿನ ಏಪ್ರಿಲ್‌ನಲ್ಲಿ ಅದೇ ಕಡತವನ್ನು ಶೈನಿಹಂಟರ್ಸ್ ಎಂಬ ಕಳ್ಳರ ಗುಂಪು ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಪುಕ್ಕಟೆ ಹಾಕಿಬಿಟ್ಟಿತು.

"ಆಮ್ಯಾಲೆ ಬಿಗ್‌ಬಾಸ್ಕೆಟ್ ಮುಚ್ಚಿತನ?"

"ಇಲ್ರಿ. 2021ರ ಮೇ ತಿಂಗಳಾಗ ಅದರ ಹೆಚ್ಚಿನ ಪಾಲು ಟಾಟಾದವ್ರು ಕೊಂಡ್ರು."

"ನೋಡು ಮತ್ತ! ಎರಡು ಕೋಟಿ ಮಂದೀದು ಹೋದ್ರೂ ಅವ್ರಿಗೆ ಏನೂ ಆಗಲಿಲ್ಲ. ಗಿರಾಕಿ ಮರೀತಾರ. ನಮ್ಮವ್ರೂ ಮರೀತಾರ."

ಈ ಮಾತಿಗೆ ತರುಣಿಯಲ್ಲಿ ತಕ್ಷಣದ ಉತ್ತರ ಇರಲಿಲ್ಲ. ವ್ಯಾಪಾರಿ ಹೇಳಿದ್ದರಲ್ಲಿ ಸತ್ಯವಿತ್ತು. ಸೋರಿಕೆಯ ಸುದ್ದಿ ಬಂದ ವಾರ ಜನ ಕೋಪಗೊಳ್ಳುತ್ತಾರೆ, ಆಮೇಲೆ ಅದೇ ಆ್ಯಪ್‌ನಲ್ಲಿ ಅಕ್ಕಿ ಬೇಳೆ ತರಿಸುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಆಕೆ ಹೇಳಿದಳು:

"ಆ ಕಂಪನಿ ಗಿರಾಕಿ ನಂಬಿಕಿ ಮ್ಯಾಲ ಅಷ್ಟ ನಿಂತಿಲ್ಲ ಅಣ್ಣಾ. ರಿಯಾಯ್ತಿ ಐತಿ, ಊರ ತುಂಬ ಗೋದಾಮು ಅದಾವ, ಹೊತ್ತಿಗೆ ಸರಿಯಾಗಿ ಮನೀಗೆ ಬರತೈತಿ. ಸಿಟ್ಟು ಬಂದ್ರೂ ಬಿಡಾಕ ಆಗೂದಿಲ್ಲ. ನಿಮ್ಮ ಗಿರಾಕೀಗೆ ಅಂಥಾದ್ದೇನೈತಿ? ಇಂಥಾ ಶರ್ಟ್ ಅಮೆಜಾನ್‌ನಾಗ ಇದಕ್ಕಿಂತ ಅಗ್ಗ ಸಿಗತೈತಿ. ಆದ್ರೂ ಪುಣೆದಾಗ ಕುಂತು ಗರಗದಿಂದ ಯಾಕ ತರಿಸ್ತಾರ? ಅರಿವಿ ಖರೇ ಹತ್ತೀದು, ಕೆಟ್ಟಿದ್ರ ವಾಪಸ್ ತಗೋತಾರ, ಫೋನ್ ಮಾಡಿದ್ರ ನೀವ ಎತ್ತಿ ಮಾತಾಡ್ತೀರಿ ಅಂತ. ನಿಮ್ಮಲ್ಲಿರೂದು ಅದೊಂದ. ಅದು ಹೋದ್ರ ಟಾಟಾದವ್ರು ಬರೂದಿಲ್ಲ."

ವ್ಯಾಪಾರಿ ನಕ್ಕರು. ಆದರೆ ಸೋತವರ ನಗೆ ಅದಲ್ಲ. ಇನ್ನೂ ಅವರ ಬಳಿ ಪ್ರಶ್ನೆಗಳಿದ್ದವು.

ಹೇಳಿಕೊಂಡು ಉಳಿದವರು ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಿದಾಗ ಆಕೆ ಜೊಮ್ಯಾಟೊ ಕಥೆ ಹೇಳಿದಳು. 2017ರ ಮೇ ತಿಂಗಳಲ್ಲಿ ಆ ಕಂಪನಿಯ 1.7 ಕೋಟಿ ಬಳಕೆದಾರರ ಮಾಹಿತಿ ಕಳುವಾಯಿತು. ಕಂಪನಿ ಕಳವನ್ನು ಒಪ್ಪಿಕೊಂಡಿತು, ತೊಂದರೆಗೆ ಸಿಕ್ಕವರನ್ನು ಆ್ಯಪ್‌ನಿಂದ ಲಾಗ್‌ಔಟ್ ಮಾಡಿ ಪಾಸ್‌ವರ್ಡ್ ಬದಲಿಸಿತು. ಕೆಲವೇ ದಿನಗಳಲ್ಲಿ, ಕಳ್ಳ ಒಳಗೆ ಬಂದದ್ದು ಹೇಗೆ ಎಂಬುದನ್ನೂ ಬಿಚ್ಚಿ ಬರೆಯಿತು. 2015ರಲ್ಲಿ ಬೇರೊಂದು ವೆಬ್ ಹೋಸ್ಟಿಂಗ್ ಸಂಸ್ಥೆಯ ಪಾಸ್‌ವರ್ಡ್‌ಗಳು ಸೋರಿದ್ದವು. ಅಲ್ಲಿ ಖಾತೆ ಹೊಂದಿದ್ದ ಜೊಮ್ಯಾಟೊದ ಎಂಜಿನಿಯರ್ ಒಬ್ಬರು ಅದೇ ಪಾಸ್‌ವರ್ಡನ್ನು ಕಂಪನಿಯ ಕೋಡ್ ಇಡುವ ಜಾಗದಲ್ಲೂ ಬಳಸಿದ್ದರು. ಒಂದು ಹಳೆಯ ಪಾಸ್‌ವರ್ಡ್ ಎರಡು ವರ್ಷದ ಮೇಲೆ ಇನ್ನೊಂದು ಕಂಪನಿಯನ್ನು ಬಯಲಿಗೆ ತಂದಿತ್ತು.

"ನಮ್ಮದೂ ಹಂಗ ಆಗೇತಲ್ಲ."

"ಹೌದ್ರಿ. ಅಷ್ಟು ದೊಡ್ಡ ಕಂಪನ್ಯಾಗ ಆಗಿದ್ದ ನಿಮ್ಮ ಪಡಸಾಲ್ಯಾಗ ಆಗೇತಿ. ಆದ್ರ ಅವ್ರು ಹೆಂಗಾತು ಅಂತ ಬರದ್ರು. ಹೆಂಗಾತು ಅಂತ ಹೇಳಿದವ್ರು ಮಾತ್ರ, ಇನ್ನ ಮ್ಯಾಲೆ ಆಗೂದಿಲ್ಲ ಅಂದ್ರ ನಂಬಾಕ ಬರತೈತಿ."

ಕಾನೂನಿನ ಮಾತು ಬಂತು. ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ 2023ರ ಆಗಸ್ಟ್‌ನಲ್ಲಿ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಇಡಲಾಯಿತು.

ಸೋರಿಕೆಯಾದರೆ ಏನು ಹೇಳಬೇಕು ಎಂಬುದನ್ನು ಆ ನಿಯಮಗಳು ಪಟ್ಟಿ ಮಾಡಿಯೇ ಕೊಟ್ಟಿವೆ. ಏನಾಯಿತು, ಎಷ್ಟರ ಮಟ್ಟಿಗೆ, ಯಾವಾಗ. ಇದರಿಂದ ಗಿರಾಕಿಗೆ ಆಗಬಹುದಾದ ತೊಂದರೆ. ಅಂಗಡಿ ಕೈಗೊಂಡ ಕ್ರಮ. ಗಿರಾಕಿ ತನ್ನ ರಕ್ಷಣೆಗೆ ಮಾಡಿಕೊಳ್ಳಬೇಕಾದ್ದು. ಪ್ರಶ್ನೆ ಕೇಳಲು ಯಾರನ್ನು ಸಂಪರ್ಕಿಸಬೇಕು. ಇದೆಲ್ಲವನ್ನೂ ತಡಮಾಡದೆ, ಸರಳ ಮಾತಿನಲ್ಲಿ, ತೊಂದರೆಗೆ ಸಿಕ್ಕ ಪ್ರತಿಯೊಬ್ಬರಿಗೂ ತಿಳಿಸಬೇಕು. ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ವಿವರವಾದ ವರದಿ ಹೋಗಬೇಕು. ಸುರಕ್ಷತೆಯಲ್ಲಿ ಅಸಡ್ಡೆ ಮಾಡಿದರೆ 250 ಕೋಟಿ ರೂಪಾಯಿವರೆಗೆ, ಸೋರಿಕೆ ತಿಳಿಸದೆ ಮುಚ್ಚಿಟ್ಟರೆ 200 ಕೋಟಿವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ಸ್ಟಾರ್ಟ್‌ಅಪ್‌ಗಳಂಥ ಕೆಲವು ವರ್ಗಗಳಿಗೆ ಸರ್ಕಾರ ಕೆಲವು ಕಲಮುಗಳಿಂದ ವಿನಾಯಿತಿ ಕೊಡಬಹುದು. ಆದರೆ ಸೋರಿಕೆ ತಿಳಿಸುವ ಹೊಣೆ ಆ ವಿನಾಯಿತಿಯ ಪಟ್ಟಿಯಲ್ಲಿಲ್ಲ.

"18 ತಿಂಗಳ ಅಂದ್ರ ಟೈಮ್ ಕೊಟ್ಟಾರಲ್ಲ. ಅಷ್ಟೊತ್ತಿಗೆ ಎಲ್ಲಾ ಸರಿ ಮಾಡ್ಕೊಂಡ್ರಾತು."

"ಸೆರ್ಟ್-ಇನ್ ಅಂತ ಕೇಂದ್ರ ಸರ್ಕಾರದ ಸಂಸ್ಥೆ ಐತ್ರಿ. ಇಂಥಾದ್ದು ಗಮನಕ್ಕ ಬಂದ 6 ತಾಸಿನೊಳಗ ವರದಿ ಮಾಡ್ರಿ ಅಂತ 2022ರಾಗ ಆದೇಶ ಮಾಡೇತಿ. ಅದು ಈಗಾಗ್ಲೆ ಜಾರಿ ಐತಿ. ಮತ್ತ ಕಾನೂನು ನಿಮಗ ಟೈಮ್ ಕೊಟ್ಟೈತಿ, ಕಳ್ಳ ನಿಮ್ಮ ಗಿರಾಕೀಗೆ ಟೈಮ್ ಕೊಟ್ಟಿಲ್ಲ."

ವ್ಯಾಪಾರಿ ಎದ್ದು ಹೋಗಿ ಎರಡು ಕಪ್ ಚಹಾ ತಂದರು. ಕೂತ ಮೇಲೆ ಅವರು ಕೇಳಿದ್ದು ಬೇರೆಯೇ ಪ್ರಶ್ನೆ. "ಆ 250 ಕೋಟಿ, 200 ಕೋಟಿ ಅಂದೆಲ್ಲ, ಅದು ಯಾರಿಗೆ ಹೋಗತೈತಿ? ಮಾಸ್ತರಿಗೆ ಸಿಗತೈತನ?"

ಸಿಗುವುದಿಲ್ಲ. ದಂಡದ ಹಣ ಭಾರತದ ಸಂಚಿತ ನಿಧಿಗೆ ಸೇರುತ್ತದೆ. ಮಾಹಿತಿಯನ್ನು ಸರಿಯಾಗಿ ಕಾಯದ ಸಂಸ್ಥೆಯಿಂದ ನಷ್ಟ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ಅವಕಾಶ ಕೊಟ್ಟಿತ್ತು. ಹೊಸ ಕಾಯ್ದೆ ಪೂರ್ತಿ ಜಾರಿಯಾಗುವಾಗ ಆ ಕಲಮು ರದ್ದಾಗುತ್ತದೆ. ಕಳೆದುಕೊಂಡವನ ಕೈಗೆ ಏನು ಎಂಬ ಪ್ರಶ್ನೆಗೆ ಹೊಸ ಕಾಯ್ದೆಯಲ್ಲಿ ಉತ್ತರವಿಲ್ಲ. ಇದು ಆ ಕಾಯ್ದೆಯ ದೊಡ್ಡ ಕೊರತೆ. ಇದನ್ನು ಸರಿಪಡಿಸಬೇಕೆಂದು ಕೇಳುವ ಹಕ್ಕು ಪ್ರತಿಯೊಬ್ಬ ಗ್ರಾಹಕನಿಗೂ ಇದೆ.

"ಹಂಗಾದ್ರ ಮಾಸ್ತರಿಗೆ ನಾ ಏನ್ ಮಾಡ್ಲಿ?"

"ಮೊದಲ ಫೋನ್ ಮಾಡ್ರಿ. ನಮ್ಮ ಕಡಿಂದ ಸೋರೇತಿ ಅಂತ ನೀವ ಹೇಳ್ರಿ. ಈಗ ಅವ್ರು ತಮ್ಮನ್ನ ತಾವ ಬೈಕೊಳ್ಳಾಕತ್ತಿರತಾರ, ನಾನ ದಡ್ಡ ಆದೆ ಅಂತ. ಅವ್ರು ದಡ್ಡರಲ್ಲ. ತಮ್ಮ ಶರ್ಟಿನ ಬಣ್ಣ, ಅಳತಿ ಹೇಳಿದವನ್ನ ಅಂಗಡ್ಯಾವ ಅಂತ ನಂಬಿದ್ರು. 1930ಕ್ಕ ದೂರು ಕೊಟ್ಟಾರೋ ಇಲ್ಲೋ ಕೇಳ್ರಿ. ಕೊಟ್ಟಿಲ್ಲ ಅಂದ್ರ ಕೊಡಿಸ್ರಿ. ಆರ್ಡರ್ ದಾಖಲೆ, ಯಾವಾಗ ಯಾರು ಲಾಗಿನ್ ಆದ್ರು ಅನ್ನೋ ದಾಖಲೆ ತಗೊಂಡು ನೀವೂ ಸೈಬರ್ ಅಪರಾಧ ನೋಡೋ ಸಿಇಎನ್ ಠಾಣೆಗೆ ಹೋಗ್ರಿ."

"ರೊಕ್ಕ?"

"ಅದನ್ನ ನಾ ಹೇಳಾಕ ಬರೂದಿಲ್ಲ ಅಣ್ಣಾ."

"ಎಲ್ಲಾ ಕೊಡಾಕ ಆಗಲಿಕ್ಕಿಲ್ಲ. ಅರ್ಧಾನರ ಕೊಡ್ತೀನಿ. ದೂರಿನ ಮ್ಯಾಲ ವಾಪಸ್ ಬಂದ್ರ ಚಲೋ ಆತು. ಬರಲಿಲ್ಲಂದ್ರ ನಂದು."

1930 ರಾಷ್ಟ್ರೀಯ ಸಹಾಯವಾಣಿ. ಹಣ ಹೋದ ಕೂಡಲೇ ಕರೆ ಮಾಡಿದರೆ, ಅದು ಕಳ್ಳನ ಖಾತೆಯಿಂದ ಮುಂದೆ ಸರಿಯುವ ಮೊದಲೇ ಬ್ಯಾಂಕುಗಳ ಮೂಲಕ ತಡೆಯುವ ಸಾಧ್ಯತೆ ಇರುತ್ತದೆ. ತಡವಾದಷ್ಟೂ ಹಣ ಹಲವು ಖಾತೆಗಳಿಗೆ ಒಡೆದು ಹೋಗುತ್ತದೆ. ಅಂಗಡಿ ಒಂದು ದಿನ ಸುಮ್ಮನಿದ್ದರೂ ಆ ದಿನದ ನಷ್ಟ ಅಂಗಡಿಯದಲ್ಲ, ಗಿರಾಕಿಯದು.

ಇಬ್ಬರೂ ಪತ್ರ ಬರೆಯಲು ಕೂತರು. ವ್ಯಾಪಾರಿ ಮೊದಲು ಬರೆದದ್ದು ಹೀಗಿತ್ತು: "ಪ್ರಿಯ ಗ್ರಾಹಕರೇ, ಕೆಲವು ತಾಂತ್ರಿಕ ಕಾರಣಗಳಿಂದ ನಮ್ಮ ವ್ಯವಸ್ಥೆಯಲ್ಲಿ ಸಣ್ಣ ಅಡಚಣೆ ಉಂಟಾಗಿತ್ತು. ನಿಮ್ಮ ಮಾಹಿತಿಯ ಸುರಕ್ಷತೆ ನಮಗೆ ಬಹಳ ಮುಖ್ಯ. ಆತಂಕಪಡುವ ಅಗತ್ಯವಿಲ್ಲ."

"ಇದರಾಗ ಏನು ಹೋತು ಅನ್ನೋದು ಎಲ್ಲೈತ್ರಿ?"

"ಎಲ್ಲಾ ಕಂಪನ್ಯಾವ್ರು ಹಿಂಗ ಬರೀತಾರಲ್ಲ."

"ಅದಕ್ಕ ಯಾರೂ ಓದೂದಿಲ್ಲ. ಒಬ್ಬಾಕೀನ ಮನ್ಯಾಗ ಇರೋ ಆ ಅವ್ವಗ ಇದನ್ನ ಓದಿ ಹೇಳಿದ್ರ ಏನ್ ತಿಳೀತೈತಿ? ಅಕಿ ಮಗ ಇದನ್ನ ಓದಿ ಏನ್ ಮಾಡಬೇಕು? ಆತಂಕ ಬ್ಯಾಡ ಅಂತ ನೀವು ಬರದ್ರ, ಕಳ್ಳ ಫೋನ್ ಮಾಡಿದಾಗ ಆತ ಆತಂಕ ಇಲ್ಲದ ಎತ್ತತಾನ."

ಎರಡನೇ ಸಲ ಬರೆದ ಪತ್ರ ಇದು:

"ನಮಸ್ಕಾರ. ನಮ್ಮ ಅಂಗಡಿಯ ಆರ್ಡರ್ ಪಟ್ಟಿ ಕಳುವಾಗಿದೆ. ಅದರಲ್ಲಿ ನಿಮ್ಮ ಹೆಸರು, ಮೊಬೈಲ್ ನಂಬರ್, ವಿಳಾಸ, ನೀವು ಕೊಂಡ ಬಟ್ಟೆಯ ವಿವರ ಮತ್ತು ಪಾರ್ಸೆಲ್ ತರುವವರಿಗೆ ನೀವು ಬರೆದ ಸೂಚನೆ ಇದ್ದವು. ನಿಮ್ಮ ಕಾರ್ಡ್ ನಂಬರ್ ಮತ್ತು ಯುಪಿಐ ಪಿನ್ ನಮ್ಮಲ್ಲಿ ಇರಲಿಲ್ಲ, ಅವು ಹೋಗಿಲ್ಲ. ನಮ್ಮ ಅಂಗಡಿಯ ಅಥವಾ ಕೊರಿಯರ್‌ನ ಹೆಸರು ಹೇಳಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಅವರು ಕಳಿಸಿದ ಲಿಂಕ್ ತೆರೆಯಬೇಡಿ. ನೀವು ಆರ್ಡರ್ ಮಾಡದ ಪಾರ್ಸೆಲ್‌ಗೆ ಬಾಗಿಲಲ್ಲಿ ಹಣ ಕೊಡಬೇಡಿ. ಈಗಾಗಲೇ ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ನಮಗೂ ತಿಳಿಸಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಇದನ್ನು ಹೇಳಿ. ನಮ್ಮ ವೆಬ್‌ಸೈಟಿನ ಪಾಸ್‌ವರ್ಡ್ ಬೇರೆ ಅಂಗಡಿಗಳಿಗೂ ಬಳಕೆಯಲ್ಲಿತ್ತು, ಅದನ್ನು ನಾವು ನೋಡಿಕೊಳ್ಳಲಿಲ್ಲ. ಈಗ ಬದಲಿಸಿದ್ದೇವೆ. ಬಿಲ್ಲಿಗೆ ಬೇಕಾದದ್ದು ಬಿಟ್ಟು ಹಳೆಯ ವಿವರಗಳನ್ನು ಅಳಿಸುತ್ತಿದ್ದೇವೆ. ಇದು ನಮ್ಮ ಲೋಪ. ಕ್ಷಮೆ ಇರಲಿ."

ವ್ಯಾಪಾರಿ ಅದನ್ನು ಎರಡು ಸಲ ಓದಿದರು. ನೋಡಿಕೊಳ್ಳಲಿಲ್ಲ ಎಂಬ ಮಾತಿನ ಹತ್ತಿರ ಬೆರಳು ನಿಂತಿತು. ತೆಗೆಯೋಣವೇ ಎಂದು ಕೇಳಲಿಲ್ಲ.

ಕಾರ್ಡ್ ನಂಬರ್ ಇರಲಿಲ್ಲ ಎಂದು ಅಷ್ಟು ಗಟ್ಟಿಯಾಗಿ ಬರೆಯಲು ಸಾಧ್ಯವಾದದ್ದಕ್ಕೆ ಕಾರಣ ರಿಸರ್ವ್ ಬ್ಯಾಂಕಿನ ನಿಯಮ. 2022ರ ಅಕ್ಟೋಬರ್ 1ರಿಂದ ಯಾವ ಆನ್‌ಲೈನ್ ಅಂಗಡಿಯೂ ಗಿರಾಕಿಯ ಕಾರ್ಡ್ ನಂಬರನ್ನು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ಬದಲು ಟೋಕನ್ ಎಂಬ ಸಂಕೇತ ಮಾತ್ರ ಉಳಿಯುತ್ತದೆ, ಅದು ಕದ್ದವನಿಗೆ ಬೇರೆಡೆ ಉಪಯೋಗಕ್ಕೆ ಬರುವುದಿಲ್ಲ. ಇಲ್ಲದ್ದನ್ನು ಯಾರೂ ಕದಿಯಲಾರರು ಎಂಬ ಸರಳ ಲೆಕ್ಕದ ಮೇಲೆ ಆ ನಿಯಮ ನಿಂತಿದೆ. ವಿಳಾಸ, ಫೋನ್ ನಂಬರುಗಳಿಗೂ ಸಣ್ಣ ಅಂಗಡಿಗಳು ಇದೇ ಲೆಕ್ಕ ಹಾಕಬಹುದು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಡಬೇಕು, ಅದು ಬಿಲ್ಲಿನ ಮಾತು. ಕೀಲಿ ಪಕ್ಕದ ಮನೆಯಲ್ಲಿದೆ ಎಂಬ ಸೂಚನೆಯನ್ನು ವರ್ಷಗಟ್ಟಲೆ ಇಡಿ ಎಂದು ಯಾವ ತೆರಿಗೆ ಅಧಿಕಾರಿಯೂ ಕೇಳುವುದಿಲ್ಲ.

"ಇಷ್ಟೆಲ್ಲಾ ಮಾಡಿದ ಮ್ಯಾಲೆ ಗಿರಾಕಿ ನಂಬತಾರಂತೀಯ?"

"ಎಲ್ಲಾರೂ ನಂಬೂದಿಲ್ರಿ. ಕೆಲವರು ಹೋಗ್ತಾರ. ಹೋಗೋ ಹಕ್ಕು ಅವ್ರಿಗೈತಿ. ಇರೋರೂ ನಾಳೆನ ನಂಬೂದಿಲ್ಲ, ಸ್ವಲ್ಪ ದಿನ ನಿಮ್ಮನ್ನ ನೋಡ್ತಾರ."

ವ್ಯಾಪಾರಿಗೆ ಆಗ ತಾಯಿಯ ನೆನಪು ಬಂತು. "ನಮ್ಮವ್ವ ಸಂಘದಾಗ ನೂಲು ತಗೀತಿದ್ಲು. ಧ್ವಜದ ಅರಿವಿ ಅಂದ್ರ ಭಾಳ ಕಟ್ಟುನಿಟ್ಟು. ನೂಲು ದಪ್ಪ ಆತು, ಗಂಟು ಬಂತು ಅಂದ್ರ ವಾಪಸ್ ಕೊಡ್ತಿದ್ರು. ಬೈಕೋತನ ಮತ್ತ ನೂಲ್ತಿದ್ಲು. ಆದ್ರ ನಂದು ಸರಿ ಐತಿ, ನಂಬ್ರಿ ಅಂತ ಒಂದಿನಾನೂ ಹೇಳಲಿಲ್ಲ. ನೋಡೋರು ನೋಡಿ ಹೇಳಬೇಕು ಅಂತಿದ್ಲು."

ಧ್ವಜದ ಬಟ್ಟೆಯ ವಿಷಯದಲ್ಲಿ ಆ ತಾಯಿ ಹೇಳಿದ್ದು ನಿಯಮವೇ ಹೌದು. ರಾಷ್ಟ್ರಧ್ವಜಕ್ಕೆ ಭಾರತೀಯ ಮಾನಕವಿದೆ, ದೇಶದ ಮಾನಕಗಳ ಸಾಲಿನಲ್ಲಿ ಅದರ ಸಂಖ್ಯೆಯೇ 1. ನೂಲು, ಎಳೆಗಳ ಸಂಖ್ಯೆ, ಬಟ್ಟೆಯ ಬಲ, ಬಣ್ಣ, ಅಳತೆ ಎಲ್ಲಕ್ಕೂ ಪರೀಕ್ಷೆ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ, 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಧ್ವಜ ತಯಾರಿಕೆಗೆ ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರ ಪಡೆದದ್ದು ಇಂಥ ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡ ಮೇಲೆಯೇ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿ ಬಂದು ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ಅನುಮತಿ ಸಿಕ್ಕಿತು. ಅಗ್ಗದ ಧ್ವಜಗಳು ಮಾರುಕಟ್ಟೆ ತುಂಬಿದವು, ಖಾದಿ ಕೆಲಸಗಾರರಿಗೆ ದೊಡ್ಡ ಪೆಟ್ಟು ಬಿತ್ತು. ಅಷ್ಟಾದ ಮೇಲೂ ಖಾದಿಯ ಧ್ವಜವನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಹೊರಗಿನವರು ಪರೀಕ್ಷಿಸಿ ಒಪ್ಪಿದ ಬಟ್ಟೆ ಅದು ಎಂಬುದು ಅವರಿಗೆ ಗೊತ್ತು.

"ಅವ್ವ ಹೇಳಿದ್ದ ಮಾಡ್ರಿ ಅಣ್ಣಾ," ಎಂದಳು ತರುಣಿ. "ನಮ್ಮ ವೆಬ್‌ಸೈಟ್ ನೂರಕ್ಕ ನೂರು ಸುರಕ್ಷಿತ ಅಂತ ಬರೀಬ್ಯಾಡ್ರಿ. ನಿಮಗ ಗುರುತಿಲ್ಲದ ಒಬ್ಬರಿಂದ ತಪಾಸಣೆ ಮಾಡಿಸ್ರಿ. ಅವ್ರು ಏನು ಕೊರತಿ ಕಂಡ್ರು, ನೀವು ಏನು ತಿದ್ದಿದ್ರಿ ಅಂತ ಹಾಕ್ರಿ. ಪಾಸ್‌ವರ್ಡ್ ಜೊತಿಗೆ ಮೊಬೈಲಿಗೆ ಬರೋ ಓಟಿಪಿನೂ ಕೇಳೋ ಹಂಗ ಮಾಡ್ರಿ. ಪಾರ್ಸೆಲ್ ಮುಟ್ಟಿ, ವಾಪಸ್ ಕೊಡೋ ಅವಧಿ ಮುಗಿದ ಮ್ಯಾಲೆ ಆ ಸೂಚನೆ ತನ್ನಿಂದ ತಾನ ಅಳಿಯೋ ಹಂಗ ಮಾಡ್ರಿ. ಆಮ್ಯಾಲೆ ಗಿರಾಕಿಗೆ ಕೇಳ್ರಿ, ನಿಮ್ಮ ವಿವರ ಇಡಬೇಕೋ, ಅಳಿಸಬೇಕೋ ಅಂತ."

"ಅಳಿಸಂದ್ರ ಗಿರಾಕಿ ನಂಬರ ಹೋತಲ್ಲ. ದೀಪಾವಳಿಗೆ ಆಫರ್ ಕಳಸಾಕ ಯಾರಿದ್ದಾರ?"

"ಇಟ್ಕೋರಿ ಅಂದವ್ರು ಇರ್ತಾರ. ಅವ್ರು ನಿಮ್ಮ ಖರೇ ಗಿರಾಕಿಗಳು."

ಪತ್ರ ಎಲ್ಲರಿಗೂ ಹೋಗುವ ಮೊದಲು ಮಾಡಬೇಕಾದ ಇನ್ನೊಂದು ಕೆಲಸವನ್ನು ಆಕೆ ನೆನಪಿಸಿದಳು. ಪಟ್ಟಿಯ ಕೊನೆಯ ಅಂಕಣದಲ್ಲಿ ಒಬ್ಬರೇ ಇರುತ್ತಾರೆ, ಕೀಲಿ ಇಂಥಲ್ಲಿದೆ ಎಂದು ಬರೆದವರನ್ನು ಬೇರೆ ಮಾಡಬೇಕು. ಅವರಿಗೆ ಮೆಸೇಜ್ ಸಾಲದು, ವ್ಯಾಪಾರಿಯೇ ಫೋನ್ ಮಾಡಿ ಮಾತಾಡಬೇಕು. ಕೀಲಿ ಇಡುವ ಜಾಗ ಬದಲಿಸಲು ಹೇಳಬೇಕು. ವ್ಯಾಪಾರಿ ಒಪ್ಪಿದರು. ಆ ಸಂಜೆ ಅವರು ಮೊದಲು ಕರೆ ಮಾಡಿದ್ದು ಬೆಳಗಾವಿಯ ಮಾಸ್ತರರಿಗೆ. ಮಾಸ್ತರರು ಮೊದಲ ಎರಡು ಸಲ ಕರೆ ಕತ್ತರಿಸಿದರು, ಇದೂ ಕಳ್ಳನದೇ ಇರಬೇಕೆಂದು. ಮೂರನೇ ಸಲ ಎತ್ತಿದಾಗ ವ್ಯಾಪಾರಿ ಹಣದ ಮಾತೆತ್ತಲಿಲ್ಲ, ಹೆಸರು ಹೇಳಿ, ನಮ್ಮ ಕಡೆಯಿಂದ ಸೋರಿದೆ ಎಂದರು. ಆ ಕಡೆಯಿಂದ ಬೈಗುಳ ಬಂತು. ಪೂರ್ತಿ ಕೇಳಿಸಿಕೊಂಡರು.

ಊರೂರಲ್ಲಿ ಇಂಥ ಅಂಗಡಿಗಳು ಈಗ ನೂರಾರು. ಉಪ್ಪಿನಕಾಯಿ ಮಾರುವವರು, ಇಳಕಲ್ ಸೀರೆ ಕಳಿಸುವವರು, ರೊಟ್ಟಿ, ಶೇಂಗಾ ಚಟ್ನಿಯನ್ನು ಪಾರ್ಸೆಲ್ ಮಾಡುವ ಸ್ತ್ರೀಶಕ್ತಿ ಸಂಘಗಳು. ಎಲ್ಲರ ಮೊಬೈಲಿನಲ್ಲೂ ಗಿರಾಕಿಗಳ ಒಂದು ಪಟ್ಟಿ ಇದೆ. ಅಂಥ ಅಂಗಡಿ ನಡೆಸುವವರು ಈ ವಾರ ಒಮ್ಮೆ ಆ ಪಟ್ಟಿಯನ್ನು ತೆರೆದು ನೋಡಲಿ. ಮುಟ್ಟಿದ ಪಾರ್ಸೆಲ್‌ಗಳ ಹಳೆಯ ಸೂಚನೆಗಳನ್ನು ಅಳಿಸಲಿ, ವೆಬ್‌ಸೈಟ್ ಮಾಡಿಕೊಟ್ಟವರು ಇಟ್ಟ ಪಾಸ್‌ವರ್ಡನ್ನು ಇಂದೇ ಬದಲಿಸಲಿ. ಸೋರಿದ್ದು ಗೊತ್ತಾದರೆ ಅದೇ ದಿನ ಗಿರಾಕಿಗೆ ತಾವೇ ತಿಳಿಸಲಿ. ಕೊಳ್ಳುವವರು ಪಾರ್ಸೆಲ್ ಸೂಚನೆಯಲ್ಲಿ ಮನೆಯ ಗುರುತಿಗಿಂತ ಹೆಚ್ಚಿನದನ್ನು ಬರೆಯದಿರಲಿ. ಹಣ ಹೋದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಲಿ.